ಹೊರದೇಶದಲ್ಲಿ ಬಾಡಿಗೆ ಕಾರು ತಗೊಳ್ಳೋರು ಕೀ ಕೈಗೆ ಬರೋ ಮೊದಲು ಇದನ್ನು ಓದಿ

ರಜೆಗೆ ಹೊರದೇಶಕ್ಕೆ ಹೋಗಿ ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬುಕ್ ಮಾಡುವಾಗ ಕಂಡ ಬಾಡಿಗೆ ಒಂದು, ಕೊನೆಗೆ ಕಾರ್ಡಿನಿಂದ ಹೋಗುವ ದುಡ್ಡೇ ಇನ್ನೊಂದು. ಇಟಲಿಯಲ್ಲಿ ನಮಗೆ ಆಗಿದ್ದೂ ಇದೇ. ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದರೆ ಯಾವ ಕಂಪನಿಯ ಹತ್ತಿರ ಹೋದರೂ ಹುಷಾರಾಗಿರಬೇಕಾದ ವಿಷಯ ಇದು.

ಕಾರು ವಾಪಸ್ ಕೊಡಲು ಹೋದ ದಿನದ್ದನ್ನೇ ಮೊದಲು ಹೇಳುತ್ತೇನೆ. ಏರ್‌ಪೋರ್ಟಿನ ನೆಲಮಾಳಿಗೆಯ ಪಾರ್ಕಿಂಗ್, ಮಂಕು ಬೆಳಕು. ಅಲ್ಲಿನ ಹುಡುಗ ಬಂದವನು ಬಾಗಿಲು, ಬಂಪರ್, ಗಾಜು ಯಾವುದನ್ನೂ ನೋಡಲಿಲ್ಲ. ನೆಟ್ಟಗೆ ಮುಂದಿನ ಎಡ ಚಕ್ರದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ, ಮೊಬೈಲ್ ಟಾರ್ಚ್ ಹಾಕಿದ, ಅಲಾಯ್ ವೀಲಿನ ಅಂಚಿನ ಮೇಲೆ ಬೆರಳು ಎಳೆದ. ಒಂದು ಸಣ್ಣ ಗೀರು. 'ಇದು ಹೊಸದು' ಅಂದ. ಆ ಗೀರು ನಾವು ಕಾರು ತಗೊಂಡಾಗಲೇ ಇತ್ತು. ಆದರೆ ಅವರು ಕೊಟ್ಟಿದ್ದ ಹಾಳೆಯಲ್ಲಿ, ಕಾರಿನ ಚಿತ್ರದ ಮೇಲೆ ಹಳೆಯ ಗೀರು ತಗ್ಗುಗಳನ್ನು ಗುರುತು ಮಾಡಿರುತ್ತಾರಲ್ಲ, ಅದರಲ್ಲಿ ಹಿಂದಿನ ಬಾಗಿಲಿನದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಾರು ತಗೊಂಡ ದಿನವೇ ಮಾಡಿದ್ದ ವಿಡಿಯೋ ತೋರಿಸಿದೆವು, ಚಕ್ರ ಸ್ಪಷ್ಟವಾಗಿ ಕಾಣುತ್ತಿತ್ತು. 'ನನ್ನ ಕೈಯಲ್ಲಿ ಏನೂ ಇಲ್ಲ, ಆಫೀಸಿಗೆ ಮೇಲ್ ಹಾಕಿ' ಅಂದುಬಿಟ್ಟ. ನಮಗೆ ವಿಮಾನಕ್ಕೆ ಹೊತ್ತಾಗುತ್ತಿತ್ತು. ಇದು ಅವರಿಗೂ ಗೊತ್ತಿರುತ್ತದೆ.

ಮನೆ ತಲುಪುವಷ್ಟರಲ್ಲಿ ದುಡ್ಡು ಕಟ್ ಆಗಿತ್ತು. ಮೇಲಿಂದ ಮೇಲೆ ಮೇಲ್ ಬರೆದು, ವಿಡಿಯೋ ಕಳಿಸಿ, ಕೊನೆಗೆ ಗೀರಿನ ದುಡ್ಡು ವಾಪಸ್ ಬಂತು. ಅದರ ಜೊತೆ 'ಆಡಳಿತ ಶುಲ್ಕ' ಅಂತ ಹಿಡಿದುಕೊಂಡಿದ್ದು ಮಾತ್ರ ಬರಲೇ ಇಲ್ಲ. ವಿಡಿಯೋ ಇಲ್ಲದಿದ್ದರೆ ಬಂದಷ್ಟೂ ಬರುತ್ತಿರಲಿಲ್ಲ.

ಅದಕ್ಕೇ ಹೇಳುವುದು, ವಿಡಿಯೋ ಬೇಕೇ ಬೇಕು, ಆದರೆ ಅದಕ್ಕಿಂತ ಆ ಹಾಳೆ ಮುಖ್ಯ. ಕಾರಿನ ಮೇಲೆ ಇರುವ ಪ್ರತಿ ಗೀರೂ ಹಾಳೆಯ ಮೇಲೆ ಬರಬೇಕು, ಅವರ ಸಹಿಯೂ ಬೀಳಬೇಕು. ಆಮೇಲೆಯೇ ಗಾಡಿ ಸ್ಟಾರ್ಟ್ ಮಾಡಿ. 'ಸಣ್ಣಪುಟ್ಟದ್ದೆಲ್ಲ ನಾವು ನೋಡಲ್ಲ' ಅಂತ ನಗುತ್ತಾ ಹೇಳುತ್ತಾರೆ, ಆ ಮಾತು ಯಾವ ಕಾಗದದಲ್ಲೂ ಇರುವುದಿಲ್ಲ. ಕತ್ತಲಿದ್ದರೆ ಕಾರನ್ನು ಬೆಳಕಿಗೆ ತರಲು ಹೇಳಿ, ಸಂಕೋಚ ಬೇಡ. ನಾಲ್ಕೂ ಚಕ್ರದ ಅಂಚು, ಮುಂದಿನ ಗಾಜು, ಬಂಪರಿನ ಕೆಳಭಾಗ, ಟಾಪ್, ಇಂಧನದ ಮುಳ್ಳು, ಓಡಿದ ಕಿಲೋಮೀಟರ್, ಎಲ್ಲ ವಿಡಿಯೋದಲ್ಲಿ ಬರಲಿ. ವಾಪಸ್ ಕೊಡುವಾಗಲೂ ಇಷ್ಟೇ ನಿಧಾನವಾಗಿ ಇನ್ನೊಂದು ಸಲ ಮಾಡಿ. ಆಫೀಸು ಮುಚ್ಚಿದ ಮೇಲೆ ಕೀಯನ್ನು ಡಬ್ಬಿಗೆ ಹಾಕಿ ಹೋಗುವುದು ಸುಲಭ ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ಅವರು ಬಂದು ನೋಡುವ ತನಕ ಕಾರಿನ ಜವಾಬ್ದಾರಿ ನಿಮ್ಮದೇ. ಆಫೀಸು ತೆರೆದಿರುವ ಹೊತ್ತಿಗೆ ಕೊಟ್ಟು, ಸರಿಯಿದೆ ಅಂತ ಬರೆಸಿಕೊಂಡು ಬನ್ನಿ.

ಇನ್ನು ಇನ್ಶೂರೆನ್ಸ್. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಬಾಡಿಗೆಯಲ್ಲಿ ಸಿಡಿಡಬ್ಲ್ಯು, ಅಂದರೆ ಕಾರಿಗೆ ಆಗುವ ಹಾನಿಗೆ ರಕ್ಷಣೆ, ಸೇರಿದೆ ಅಂತ ಬರೆದಿರುತ್ತಾರೆ. ಅದರರ್ಥ ಪೂರ್ತಿ ವಿಮೆ ಅಂತಲ್ಲ. ಕಾರಿಗೆ ಏನಾದರೂ ಆದರೆ 'ಎಕ್ಸೆಸ್' ಅನ್ನುವ ಒಂದು ಮೊತ್ತದವರೆಗೆ ನೀವೇ ಕಟ್ಟಬೇಕು, ಅದರ ಮೇಲಿನದ್ದಷ್ಟೇ ಅವರದ್ದು. ಸಾಲದ್ದಕ್ಕೆ ಟೈರು, ಗಾಜು, ಕಾರಿನ ಅಡಿಭಾಗ, ಕಳೆದುಹೋದ ಕೀ, ಇವು ಎಷ್ಟೋ ಕಡೆ ಅದರಲ್ಲಿ ಬರುವುದೇ ಇಲ್ಲ. ಐಸ್‌ಲ್ಯಾಂಡಿನಲ್ಲಂತೂ ಮರಳು ಮತ್ತು ಬೂದಿಯ ಗಾಳಿಗೆ ಬಣ್ಣ ಕಿತ್ತು ಬಂದರೆ ಅದಕ್ಕೇ ಬೇರೆ ವಿಮೆ, ಗಾಳಿಗೆ ಬಾಗಿಲು ಮುರಿದರೆ ಬಹಳಷ್ಟು ಕಡೆ ಯಾವ ವಿಮೆಯೂ ಇಲ್ಲ. ಎಕ್ಸೆಸ್ಸಿಗೆ ಬೇರೆ ಕಂಪನಿಯಿಂದ ಮೊದಲೇ ವಿಮೆ ತಗೊಂಡರೆ ಕಡಿಮೆಯಲ್ಲಿ ಆಗುತ್ತದೆ, ತಗೊಳ್ಳಿ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಿರಲಿ: ಮೊದಲು ಬಾಡಿಗೆ ಕಂಪನಿಗೆ ನೀವೇ ದುಡ್ಡು ಕೊಡಬೇಕು, ಆಮೇಲೆ ಬಿಲ್ಲು, ಒಪ್ಪಂದದ ಪ್ರತಿ, ಫೋಟೋ ಎಲ್ಲ ಕಳಿಸಿ ವಿಮೆಯವರ ಹತ್ತಿರ ವಾಪಸ್ ಕೇಳಬೇಕು. ಹಾಗಾಗಿ ಕೌಂಟರಿನಲ್ಲಿ ಡೆಪಾಸಿಟ್ ಅಂತ ಕಾರ್ಡಿನ ಮೇಲೆ ಹಿಡಿಯುವ ದೊಡ್ಡ ಮೊತ್ತ ಇದರಿಂದ ಕಡಿಮೆಯಾಗುವುದಿಲ್ಲ. ಆ ಮೊತ್ತ ತೋರಿಸಿ ಹೆದರಿಸಿಯೇ ಕೌಂಟರಿನವರು ತಮ್ಮ ದುಬಾರಿ ವಿಮೆ ತಲೆಗೆ ಕಟ್ಟುವುದು. ಎಷ್ಟು ಹಿಡಿಯುತ್ತಾರೆ ಅಂತ ಬುಕಿಂಗ್ ಷರತ್ತಿನಲ್ಲೇ ಇರುತ್ತದೆ, ಅಷ್ಟು ಲಿಮಿಟ್ ಇರುವ ಕ್ರೆಡಿಟ್ ಕಾರ್ಡ್ ಒಯ್ಯಿರಿ. ಕಾರ್ಡು ಕಾರು ಓಡಿಸುವವರ ಹೆಸರಲ್ಲೇ ಇರಬೇಕು. ಡೆಬಿಟ್ ಕಾರ್ಡ್ ಎಷ್ಟೋ ಕಡೆ ನಡೆಯುವುದಿಲ್ಲ. ಇಬ್ಬರು ಓಡಿಸುವುದಾದರೆ ಎರಡನೆಯವರ ಹೆಸರೂ ಒಪ್ಪಂದದಲ್ಲಿ ಬರಲಿ, ಹೆಸರಿಲ್ಲದವರು ಓಡಿಸಿ ಗುದ್ದಿದರೆ ವಿಮೆ ಸಿಗುವುದಿಲ್ಲ.

ಲೈಸೆನ್ಸ್ ವಿಷಯದಲ್ಲಿ ಒಂದೇ ಮಾತು. ಅಂತರರಾಷ್ಟ್ರೀಯ ಪರ್ಮಿಟ್ಟನ್ನು ನಿಮ್ಮ ಲೈಸೆನ್ಸ್ ಕೊಟ್ಟ ದೇಶದಲ್ಲೇ, ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು. ಅದರಲ್ಲೂ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ್ದು, 1968ರ ವಿಯೆನ್ನಾ ಒಪ್ಪಂದದ್ದು ಅಂತ ಬೇರೆ ಬೇರೆ ಇವೆ. ಜಪಾನ್ 1949ರದ್ದನ್ನು ಮಾತ್ರ ಒಪ್ಪುತ್ತದೆ. ಮೂಲ ಲೈಸೆನ್ಸೂ ಜೊತೆಗಿರಲಿ.

ಬಂಕಿನಲ್ಲಿ ಆತುರ ಬೇಡ. ಯುರೋಪಿನ ಬಹುಪಾಲು ಬಂಕುಗಳಲ್ಲಿ 2018ರಿಂದ ಪೆಟ್ರೋಲ್ ಪೈಪಿನ ಮೇಲೆ ದುಂಡು ಗುರುತು, ಡೀಸೆಲ್ ಮೇಲೆ ಚೌಕ ಗುರುತು ಇರುತ್ತದೆ. ಕಾರಿನ ಇಂಧನ ಮುಚ್ಚಳದ ಒಳಗೂ ಅದೇ ಗುರುತು ಸಿಗಬಹುದು, ಎರಡನ್ನೂ ಹೊಂದಿಸಿ ನೋಡಿ. ತಪ್ಪು ಇಂಧನ ಬಿದ್ದರೆ ಆ ಖರ್ಚನ್ನು ಸಾಮಾನ್ಯವಾಗಿ ಯಾವ ವಿಮೆಯೂ ಕೊಡುವುದಿಲ್ಲ.

ನಮ್ಮ ಜೊತೆ ಇನ್ನೊಂದು ಕಾರಿನಲ್ಲಿ ಬಂದಿದ್ದ ಕುಟುಂಬಕ್ಕೆ ಬಿದ್ದ ಪೆಟ್ಟು ಬೇರೆ ಥರದ್ದು. ಇಟಲಿಯ ಹಳೆ ಪೇಟೆಗಳಲ್ಲಿ ಜ಼ೆಡ್‌ಟಿಎಲ್ ಅಂತ ಇದೆ, ಅನುಮತಿ ಇಲ್ಲದ ಗಾಡಿ ಒಳಗೆ ಹೋಗುವಂತಿಲ್ಲ. ಫ್ಲಾರೆನ್ಸ್, ರೋಮ್ ಎಲ್ಲ ಕಡೆ ಇದೆ. ತಡೆಯಲು ಗೇಟಿಲ್ಲ, ಪೊಲೀಸರಿಲ್ಲ. ಒಂದು ದುಂಡನೆಯ ಕೆಂಪು ಅಂಚಿನ ಫಲಕ, ಮೇಲೊಂದು ಕ್ಯಾಮೆರಾ, ಅಷ್ಟೇ. ಮೊಬೈಲ್ ಮ್ಯಾಪ್ ಹೇಳಿದ ದಾರಿಯಲ್ಲಿ ಹೋಟೆಲ್ ಹುಡುಕುತ್ತಾ ಅದೇ ಫಲಕದ ಕೆಳಗೆ ಸುತ್ತಿದರು. ಒಂದೊಂದು ಸಲ ದಾಟಿದ್ದಕ್ಕೂ ಒಂದೊಂದು ದಂಡ. ತಿಂಗಳುಗಳು ಕಳೆದ ಮೇಲೆ ಮೊದಲು ಬಾಡಿಗೆ ಕಂಪನಿ ಅವರ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಶುಲ್ಕ ಹಿಡಿಯಿತು. ದಂಡ ಕಟ್ಟಿಯಾಯಿತು ಅಂತ ಅವರು ಸುಮ್ನೆ ಇದ್ದರು. ನಿಜವಾದ ದಂಡದ ಕಾಗದ ಬಂದಿದ್ದು ಆಮೇಲೆ. ಹೋಟೆಲ್ ಆ ವಲಯದ ಒಳಗಿದ್ದರೆ ಹೋಗುವ ಮೊದಲೇ ಫೋನ್ ಮಾಡಿ, ಕಾರಿನ ನಂಬರ್ ನೋಂದಾಯಿಸುತ್ತೀರಾ ಅಂತ ಕೇಳಿ. ಇಲ್ಲವಾದರೆ ಕಾರನ್ನು ಹೊರಗೇ ನಿಲ್ಲಿಸಿ ನಡೆದುಹೋಗಿ.

ರಸ್ತೆ ಸುಂಕವೂ ಹೀಗೇ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ವಿನ್ಯೆಟ್ (ಸುಂಕ ಕಟ್ಟಿದ ಚೀಟಿ) ಬೇಕು, 40 ಫ್ರಾಂಕ್, ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. ಅಲ್ಲಿ ತಗೊಂಡ ಕಾರಿನಲ್ಲಿ ಅದು ಇರುತ್ತದೆ, ಪಕ್ಕದ ದೇಶದಲ್ಲಿ ತಗೊಂಡು ಗಡಿ ದಾಟಿದರೆ ಇರುತ್ತದೆ ಅಂತ ನಂಬಬೇಡಿ. ಗಡಿ ದಾಟಲು ಕಂಪನಿಯ ಒಪ್ಪಿಗೆಯೂ ಬೇಕು. ಡಬ್ಲಿನ್ನಿನ ಎಂ50 ರಸ್ತೆಯಲ್ಲಿ ಟೋಲ್ ಬೂತೇ ಇಲ್ಲ, ಮರುದಿನ ರಾತ್ರಿ 8ರೊಳಗೆ ಕಟ್ಟಬೇಕು.

ವಾಪಸ್ ಬಂದ ಮೇಲೂ ಕಾಗದಗಳನ್ನು ಬಿಸಾಕಬೇಡಿ. ಇಟಲಿಯಲ್ಲಿ ಹೊರದೇಶದವರಿಗೆ ದಂಡದ ನೋಟಿಸ್ ಕಳಿಸಲು 360 ದಿನಗಳ ಕಾಲಾವಕಾಶ ಇದೆ. ಒಪ್ಪಂದ, ಗೀರು ಗುರುತು ಮಾಡಿದ ಹಾಳೆ, ವಿಡಿಯೋ, ಪೆಟ್ರೋಲ್ ರಸೀದಿ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ. ಇಲ್ಲದ ಗೀರಿಗೆ ದುಡ್ಡು ಹಿಡಿದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ, ಅವರು ಜಗ್ಗದಿದ್ದರೆ ಅದೇ ದಾಖಲೆ ಹಿಡಿದು ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ದುಡ್ಡು ವಾಪಸ್, ಕೇಳಿ. ಅದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ.