ಅಪ್ಪಾಜಿ ಮುಖದ ಕಲೆ ಉಳಿಸಿಕೊಟ್ಟ ಫೋಟೋ ಅಂಗಡಿ

ಅಪ್ಪಾಜಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು. ಎರಡೂ ಕೆನ್ನೆಯಲ್ಲಿ ಕಲೆಗಳಿದ್ದವು, ಬಲಗೆನ್ನೆಯಲ್ಲಿ ಜಾಸ್ತಿ. ದಾವಣಗೆರೆಯ ಹತ್ತಿ ಮಿಲ್ಲಿಗೆ ಸೇರುವಾಗ ಅವರು ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಕಪ್ಪು ಬಿಳುಪು ಫೋಟೋ ಒಂದಿದೆ. ಅವರ ಹರೆಯದ ಕಾಲದ್ದು ಅಂತ ನಮ್ಮಲ್ಲಿ ಉಳಿದಿರುವುದು ಅದೊಂದೇ. ಹತ್ತನೇ ವರ್ಷದ ಪುಣ್ಯಸ್ಮರಣೆಗೆ ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು ಎಂಬುದು ಅವ್ವನ ಆಸೆ.

ಮೊದಲು ಬೇರೊಂದು ಕಡೆ ಕೊಟ್ಟೆ. ಅವರು ಯಾವುದೋ ಎಐ ಆಪ್‌ಗೆ ಹಾಕಿ ಹತ್ತು ನಿಮಿಷದಲ್ಲಿ ಪ್ರಿಂಟ್ ಕೈಗಿಟ್ಟರು. ಚರ್ಮ ನುಣುಪಾಗಿತ್ತು. ಕಣ್ಣು ಹೊಳೆಯುತ್ತಿತ್ತು. ರೆಪ್ಪೆಯ ಕೂದಲನ್ನೂ ಎಣಿಸಬಹುದಿತ್ತು. ಅವ್ವ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. "ಯಾರವ್ವ ಇವರು?" ಅಂದಳು. ಆಮೇಲೆ ಮೆಲ್ಲಗೆ, "ಕಲೆಗಳು ಎಲ್ಲಿ ಹೋದವು?" ಅಂತ ಕೇಳಿದಳು. ಆ ಪ್ರಿಂಟನ್ನು ಬೀರುವಿನಲ್ಲಿ ಮಗುಚಿ ಇಟ್ಟೆ.

ಈ ವಿಮರ್ಶೆ ಎರಡನೇ ಅಂಗಡಿಯದು. ಪಿ.ಜೆ. ಬಡಾವಣೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ, ಒಂದೇ ಕೋಣೆ. ಬೋರ್ಡಿನಲ್ಲಿ 'ಹಳೆ ಫೋಟೋ ಸ್ಕ್ಯಾನಿಂಗ್' ಅಂತ ಮಾತ್ರ ಇದೆ. ನಡೆಸುವವನು ಡಿಪ್ಲೊಮಾ ಮುಗಿಸಿದ ಹುಡುಗ, ಕೆಲಸವೆಲ್ಲ ಒಬ್ಬನೇ ಮಾಡುತ್ತಾನೆ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು. "ಇದನ್ನು ಹೇಗೆ ದೊಡ್ಡದು ಮಾಡ್ತೀಯಪ್ಪ?" ಅಂದೆ. "ಮೇಡಂ, ನಾನು ಮುಖ ಬಿಡಿಸಲ್ಲ, ರಿಗ್ರೆಶನ್ ಮಾಡ್ತೀನಿ" ಅಂದ. ಗೊತ್ತಿರುವ ಅಂಕಿಗಳಿಗೆ ರೇಖೆ ಹೊಂದಿಸಿ ಗೊತ್ತಿಲ್ಲದ್ದನ್ನು ಅಂದಾಜಿಸುವ ಲೆಕ್ಕ ಅದು. ವರ್ಷಗಟ್ಟಲೆ ಕಪ್ಪು ಹಲಗೆ ಮೇಲೆ ಬರೆದ ಪದವನ್ನು ಅಲ್ಲಿ ಕೇಳಿ, ಸುಮ್ನೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತೆ.

ಫೋಟೋವನ್ನು 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದ. 35 ಮಿಲಿಮೀಟರ್ ಅಗಲ, 45 ಎತ್ತರ. ಲೆಕ್ಕ ಹಾಕಿದರೆ ಸುಮಾರು 827 ಅಡ್ಡ, 1063 ಉದ್ದ ಪಿಕ್ಸೆಲ್. ಮೂರು ಪಟ್ಟು ಮಾಡಿದರೆ 300 ಡಿಪಿಐನಲ್ಲಿ 8-10 ಇಂಚಿನ ಪ್ರಿಂಟಿಗೆ ಸರಿಹೋಗುತ್ತದೆ. 1200ಕ್ಕೆ ಯಾಕೆ ಸ್ಕ್ಯಾನ್ ಮಾಡಲಿಲ್ಲ ಅಂತ ಕೇಳಿದೆ. ಮಾಡಿಯೂ ತೋರಿಸಿದ. ಕಾಗದದ ಕಾಳುಕಾಳು ದೊಡ್ಡದಾಯಿತು, ಮುಖದಲ್ಲಿ ಹೊಸದೇನೂ ಕಾಣಲಿಲ್ಲ.

ಆ ಕಾಳನ್ನು ಮೊದಲು ತೆಗೆಯಬೇಕು, ಇಲ್ಲದಿದ್ದರೆ ಅದೂ ಮೂರು ಪಟ್ಟು ಬೆಳೆಯುತ್ತದೆ. ಅದಕ್ಕೆ ಅವನು ಬಳಸುವುದು ಗೈಡೆಡ್ ಫಿಲ್ಟರ್. ಕೈಮಿಂಗ್ ಹೆ, ಜಿಯಾನ್ ಸನ್, ಶಿಯಾವೊ ಟಾಂಗ್ ಎಂಬ ಮೂವರು 2010ರಲ್ಲಿ ಕೊಟ್ಟ ವಿಧಾನ. ಉಚಿತವಾಗಿ ಸಿಗುವ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆ ತಂತ್ರಾಂಶದ ಹೆಚ್ಚುವರಿ ಭಾಗದಲ್ಲಿ ಇದೆ. ಒಳಗಿರುವುದು ನಮ್ಮ ಸರಳ ರೇಖೆಯೇ! ಚಿತ್ರದ ಮೇಲೆ ಒಂದು ಚಿಕ್ಕ ಚೌಕ ಇಟ್ಟು, ಅದರೊಳಗಿನ ಪಿಕ್ಸೆಲ್‌ಗಳಿಗೆ ಒಂದು ರೇಖೆ ಹೊಂದಿಸುತ್ತದೆ. ಆಮೇಲೆ ಚೌಕವನ್ನು ಒಂದು ಪಿಕ್ಸೆಲ್ ಸರಿಸಿ ಮತ್ತೆ ಅದೇ ಕೆಲಸ. ಈ ಫಿಲ್ಟರಿಗೆ ದಾರಿ ತೋರಿಸಲು ಒಂದು ಚಿತ್ರ ಬೇಕು, ಇಲ್ಲಿ ಆ ಫೋಟೋವೇ ಅದು. ಆಗ ರೇಖೆಯ ಇಳಿಜಾರು ಹೀಗೆ ಬರುತ್ತದೆ: ಚೌಕದೊಳಗಿನ ವೇರಿಯನ್ಸ್ ಅನ್ನು (ಪಿಕ್ಸೆಲ್‌ಗಳ ಬೆಳಕು ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ), ಅದೇ ವೇರಿಯನ್ಸ್‌ಗೆ ನಾವೇ ಆರಿಸುವ ಎಪ್ಸಿಲಾನ್ ಎಂಬ ಸಂಖ್ಯೆ ಕೂಡಿಸಿ, ಆ ಮೊತ್ತದಿಂದ ಭಾಗಿಸಬೇಕು. ಉತ್ತರ 1ರ ಹತ್ತಿರ ಬಂದರೆ ಆ ಜಾಗ ಇದ್ದ ಹಾಗೇ ಉಳಿಯುತ್ತದೆ. 0 ಹತ್ತಿರ ಬಂದರೆ ಸುತ್ತಲಿನ ಸರಾಸರಿಯಲ್ಲಿ ಕರಗುತ್ತದೆ.

ಮೊದಲ ಸಲ ಅವನು ಎಪ್ಸಿಲಾನ್ 400 ಇಟ್ಟಿದ್ದ. ಸ್ಕ್ರೀನಿನಲ್ಲಿ ಅಪ್ಪಾಜಿಯ ಕೆನ್ನೆ ಮತ್ತೆ ನುಣುಪಾಯಿತು. ನನಗೆ ಎದೆ ಧಸಕ್ಕೆಂದಿತು. "ತಡಿ, ಆ ಕಲೆ ಇರುವ ಜಾಗದಲ್ಲಿ ವೇರಿಯನ್ಸ್ ಎಷ್ಟಿದೆ ನೋಡು" ಅಂದೆ. 144ರ ಆಸುಪಾಸು. ಹಿಂದಿನ ಖಾಲಿ ಪರದೆಯಲ್ಲಿ, ಅಂದರೆ ಬರೀ ಕಾಳು ಇರುವ ಕಡೆ, 16. ಇಬ್ಬರೂ ಕಾಗದದ ಮೇಲೆ ಲೆಕ್ಕ ಮಾಡಿದೆವು. 400 ಇಟ್ಟರೆ ಕಲೆಗೆ ಸಿಗುವುದು 0.26 ಅಷ್ಟೆ. ಅಳಿಸಿ ಹೋಗದೆ ಇನ್ನೇನು? 36 ಇಟ್ಟರೆ ಕಲೆಗೆ 0.8, ಕಾಳಿಗೆ 0.31. ಅಂದರೆ ಕಾಳು ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ, ಕಲೆ ಬಹುಪಾಲು ನಿಲ್ಲುತ್ತದೆ. 36 ಹಾಕಿ ಎಂಟರ್ ಒತ್ತಿದ. ಬಲಗೆನ್ನೆಯ ಕಲೆಗಳು ಒಂದೊಂದಾಗಿ ಕಂಡವು. ನನ್ನ ಕಣ್ಣು ತುಂಬಿ ಬಂತು. ಹುಡುಗ ಎದ್ದು ಹೋಗಿ ನೀರು ತಂದುಕೊಟ್ಟ.

ವೇಗದ ಬಗ್ಗೆ ಹೇಳಲೇಬೇಕು. ಅವನದು ಹಳೆಯ ಕಂಪ್ಯೂಟರ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಲಕ್ಷಾಂತರ ಚೌಕಗಳಿಗೆ ಲಕ್ಷಾಂತರ ರೇಖೆ, ಇಷ್ಟು ಬೇಗ ಹೇಗೆ? ಮಂಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿ ತಿಂಗಳ ಕೊನೆಗೆ ಅಲ್ಲಿಯವರೆಗಿನ ಒಟ್ಟು ಬರೆದಿಟ್ಟಿರುತ್ತಾರೆ. ಮಾರ್ಚಿನಿಂದ ಮೇವರೆಗಿನ ವ್ಯಾಪಾರ ಬೇಕೆಂದರೆ ಒಂದೊಂದು ಚೀಟಿ ಕೂಡಿಸುವುದಿಲ್ಲ. ಮೇ ಕೊನೆಯ ಒಟ್ಟಿನಿಂದ ಫೆಬ್ರವರಿ ಕೊನೆಯದನ್ನು ಕಳೆದರೆ ಮುಗಿಯಿತು. ಇಲ್ಲಿಯೂ ಪಿಕ್ಸೆಲ್‌ಗಳ ಒಟ್ಟನ್ನು ಹಾಗೆಯೇ ಮೊದಲೇ ಬರೆದಿಡಬಹುದು. ಚೌಕ ಚಿಕ್ಕದಿರಲಿ ದೊಡ್ಡದಿರಲಿ, ಕೆಲಸ ಅಷ್ಟೇ. ಹಳೆಯ ಕಂಪ್ಯೂಟರಿನಲ್ಲಿ ಬೇಗ ಆಗುವುದರಿಂದಲೇ ಎಪ್ಸಿಲಾನ್ ಬದಲಿಸಿ ಬದಲಿಸಿ ನೋಡಲು ನಮಗೆ ಆಯಿತು. ಒಂದೊಂದು ಸಲಕ್ಕೂ ಅರ್ಧ ಗಂಟೆ ಹಿಡಿದಿದ್ದರೆ ನಾನೂ ಮೊದಲ ಉತ್ತರಕ್ಕೇ ಒಪ್ಪಿಕೊಂಡು ಬರುತ್ತಿದ್ದೆನೇನೋ.

ದೊಡ್ಡದು ಮಾಡಲು ಎಫ್‌ಎಸ್‌ಆರ್‌ಸಿಎನ್‌ಎನ್ ಎಂಬ ವಿಧಾನ ಬಳಸಿದ. 2016ರದ್ದು. ಫೈಲ್ ಸುಮಾರು 40 ಕೆಬಿ ಮಾತ್ರ! ಚಿಕ್ಕ ಚಿತ್ರದಿಂದ ದೊಡ್ಡ ಚಿತ್ರದ ಪಿಕ್ಸೆಲ್‌ಗಳನ್ನು ಅಂದಾಜಿಸಲು ಕಲಿತ ಚಿಕ್ಕ ನರಜಾಲ, ಅಂದರೆ ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ. ಬೆಳಕು ಕತ್ತಲೆಯ ಪದರದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ನಮ್ಮದು ಕಪ್ಪು ಬಿಳುಪಾದ್ದರಿಂದ ಅಷ್ಟೇ ಸಾಕಾಯಿತು. ಇದಕ್ಕಿಂತ ಭಾರಿಯಾದ ಇಡಿಎಸ್‌ಆರ್ ಕೂಡ ಅವನಲ್ಲಿದೆ, ಸುಮಾರು 38 ಎಂಬಿ. ಅಂಚುಗಳು ಸ್ವಲ್ಪ ಚೊಕ್ಕಟ ಬರುತ್ತವೆ, ಆದರೆ ತುಂಬಾ ಹೊತ್ತು ತಿನ್ನುತ್ತದೆ.

ನಿಖರತೆ ಹೇಗೆ ನಂಬುವುದು? ಇದನ್ನೂ ಕೇಳಿದೆ. ನನ್ನ ಮೊಬೈಲಿನಲ್ಲಿದ್ದ ಮೊಮ್ಮಗನ ಸ್ಪಷ್ಟ ಫೋಟೋ ತೆಗೆದುಕೊಂಡು ಮೂರನೇ ಒಂದಕ್ಕೆ ಕುಗ್ಗಿಸಿದ. ಮತ್ತೆ ಮೂರು ಪಟ್ಟು ಹಿಗ್ಗಿಸಿ, ಮೂಲದ ಪಕ್ಕ ಇಟ್ಟು ತೋರಿಸಿದ. ಉತ್ತರ ಗೊತ್ತಿರುವ ಲೆಕ್ಕ ಕೊಟ್ಟು ಪರೀಕ್ಷೆ ಮಾಡುವುದು ಅಂದರೆ ಇದೇ ಅಲ್ವಾ? ಕಣ್ಣು, ಮೂಗು, ತುಟಿ ಎಲ್ಲ ಅವನದೇ. ತಲೆಗೂದಲು ಮಾತ್ರ ಸ್ವಲ್ಪ ಮಂಜಾಗಿತ್ತು.

ಆ ಮಂಜು ನನಗೆ ಇಷ್ಟವಾಯಿತು. ಕಾರಣ ಹೇಳುತ್ತೇನೆ. ತಪ್ಪಿನ ವರ್ಗವನ್ನು (ತಪ್ಪನ್ನು ಅದರಿಂದಲೇ ಗುಣಿಸಿದ್ದನ್ನು) ಕನಿಷ್ಠ ಮಾಡು ಅಂತ ಒಂದು ವಿಧಾನಕ್ಕೆ ಹೇಳಿಕೊಟ್ಟರೆ, ಸಾಕ್ಷಿ ಸಾಲದ ಜಾಗದಲ್ಲಿ ಅದು ಇರಬಹುದಾದ ಉತ್ತರಗಳ ಸರಾಸರಿ ಕೊಡುತ್ತದೆ. ಸರಾಸರಿ ಅಂದರೆ ಮಂಜು. ಮುಖ ಸೃಷ್ಟಿಸುವ ಆಪ್ ಅದೇ ಜಾಗದಲ್ಲಿ ಯಾರದೋ ಚಂದದ ಕೆನ್ನೆ ತಂದು ಕೂರಿಸುತ್ತದೆ. ಗೊತ್ತಿಲ್ಲದ ಕಡೆ ಮಂಜಾಗುವ ಚಿತ್ರವೇ ನನಗೆ ಬೇಕು. ಅಂದ ಹಾಗೆ, ರಿಗ್ರೆಶನ್ ಎಂಬ ಹೆಸರು ಬಂದದ್ದೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಹೋಲಿಸಿ ಬರೆದದ್ದರಿಂದ. ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆ ದಿನ ಮಾತ್ರ ನನ್ನ ತಂದೆಯ ಮುಖದ ಮುಂದೆ ಕುಳಿತು ನೆನಪಿಸಿಕೊಂಡೆ.

ಕೊರತೆಗಳೂ ಇವೆ. ಅಂಗಿಯ ಕಾಲರ್ ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಉಳಿದಿದೆ. ಗೈಡೆಡ್ ಫಿಲ್ಟರ್ ಕೆಲವು ಅಂಚುಗಳಲ್ಲಿ ಹೀಗೆ ಮಾಡುತ್ತದೆ. ಅದನ್ನು ಅವನೇ ಮೊದಲು ತೋರಿಸಿದ. ಮೂಲೆಯ ಮಡಿಕೆ ಗೆರೆಯನ್ನು ಕೈಯಲ್ಲೇ ಸರಿಪಡಿಸಿದ, ಅದಕ್ಕೆ ಒಂದು ದಿನ ಜಾಸ್ತಿ ಹಿಡಿಯಿತು. ಮೆಟ್ಟಿಲು ಕಡಿದಾಗಿದೆ, ಮಂಡಿನೋವು ಇರುವವರು ಕಂಬಿ ಹಿಡಿದೇ ಹತ್ತಬೇಕು. ಪ್ರಿಂಟಿಗೆ ಹೊಳೆಯುವ ಕಾಗದ ಬೇಡ, ಮ್ಯಾಟ್ ಕೇಳಿ. ಹೊಳೆಯುವುದರಲ್ಲಿ ಟ್ಯೂಬ್‌ಲೈಟ್ ಬೆಳಕು ಮುಖದ ಮೇಲೆಯೇ ಬೀಳುತ್ತದೆ. ಸ್ಕ್ಯಾನ್, ಕೆಲಸ, ಪ್ರಿಂಟ್ ಎಲ್ಲ ಸೇರಿ 650 ರೂಪಾಯಿ ಕೊಟ್ಟೆ. ಇನ್ನೂ ಜಾಸ್ತಿ ಕೇಳಿದ್ದರೂ ಕೊಡುತ್ತಿದ್ದೆ.

ಅವ್ವ ಹೊಸ ಪ್ರಿಂಟನ್ನು ತೊಡೆ ಮೇಲೆ ಇಟ್ಟುಕೊಂಡು ಬಲಗೆನ್ನೆಯ ಮೇಲೆ ಬೆರಳಾಡಿಸಿದಳು. "ಹಾಂ, ಇವರೇ" ಅಂದಳು.

ಹೋದ ವಾರ ಅಪ್ಪಾಜಿ ಅವ್ವನ ಮದುವೆಯ ಗುಂಪು ಫೋಟೋ ಒಯ್ದಿದ್ದೆ. ಅದರಲ್ಲಿ ಅವ್ವನ ಮುಖ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಸ್ಕ್ಯಾನ್ ಮಾಡಿ ಎಣಿಸಿದ, ಅಡ್ಡಕ್ಕೆ ಐವತ್ತು ಪಿಕ್ಸೆಲ್ಲೂ ಇಲ್ಲ. "ಮೇಡಂ, ಇದರಿಂದ ಅಮ್ಮೋರ ಮುಖ ಗೋಡೆಗೆ ಹಾಕೋ ಹಾಗೆ ಬರಲ್ಲ. ಸುಮ್ನೆ ದುಡ್ಡು ತಗೊಳ್ಳಲ್ಲ" ಅಂದು ಸ್ಕ್ಯಾನ್ ಫೈಲನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಹೋಗುವವರು ಸಂಜೆ ಐದರ ಮೇಲೆ ಹೋಗಿ, ಆಗ ಪಕ್ಕ ಕೂರಿಸಿಕೊಂಡು ತೋರಿಸುವಷ್ಟು ಬಿಡುವು ಅವನಿಗಿರುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರ ಬೇಡ, ಮೂಲ ಫೋಟೋವನ್ನೇ ಒಯ್ಯಿರಿ.