ಪೆಟ್ರೋಲ್ ಆರ್‌ಸಿ ಹೆಲಿಕಾಪ್ಟರ್: ಕಾಫಿ ತೋಟದ ಮಧ್ಯೆ ನಾಲ್ಕು ವರ್ಷ ಹಾರಿಸಿದ ಮೇಲೆ

ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮ ತೋಟ. ಪೆಟ್ರೋಲ್ ಎಂಜಿನ್ನಿನ ಆರ್‌ಸಿ, ಅಂದರೆ ರಿಮೋಟಿನಲ್ಲಿ ಹಾರಿಸುವ ಮಾಡೆಲ್ ಹೆಲಿಕಾಪ್ಟರ್ ತಂದು ಈಗ ನಾಲ್ಕು ವರ್ಷ. ಬೆಂಗಳೂರಿನಲ್ಲಿ ಒಬ್ಬರು ಬಳಸಿದ್ದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದು. ಜಪಾನಿನ ಜೆನೋವಾ 25.4 ಸಿಸಿ ಟೂ ಸ್ಟ್ರೋಕ್ ಎಂಜಿನ್, 700 ಎಂಎಂ ಬ್ಲೇಡು, ಟ್ಯಾಂಕ್ ತುಂಬಿಸಿದರೆ ಹತ್ತಿರ ಹತ್ತಿರ ಆರು ಕೆಜಿ ತೂಕ.

ಇದಕ್ಕೆ ಮೊದಲು ನನ್ನ ಹತ್ತಿರ ನೈಟ್ರೋ ಹೆಲಿಕಾಪ್ಟರ್ ಇತ್ತು. ಅದಕ್ಕೆ ಬೇಕಾದ ಮೆಥನಾಲ್, ನೈಟ್ರೋಮೀಥೇನ್ ಬೆರೆಸಿದ ಇಂಧನ ಪೆಟ್ರೋಲಿಗಿಂತ ಹಲವು ಪಟ್ಟು ದುಬಾರಿ. ನಮ್ಮ ಕಡೆ ಸಿಗುವುದೂ ಇಲ್ಲ. ಒಂದು ಟ್ಯಾಂಕಿಗೆ ಎಂಟು ಹತ್ತು ನಿಮಿಷ ಹಾರಿಸಿದರೆ ಮುಗೀತು. ಇದು ಅರ್ಧ ಲೀಟರ್ ಪೆಟ್ರೋಲಿನಲ್ಲಿ ಇಪ್ಪತ್ತು ನಿಮಿಷ ಆರಾಮಾಗಿ ಹಾರುತ್ತದೆ. ಲೀಟರಿಗೆ 40 ಎಂಎಲ್ ಟೂ ಸ್ಟ್ರೋಕ್ ಆಯಿಲ್, ಅಂದರೆ 25ಕ್ಕೆ 1. ಕಳೆ ಕತ್ತರಿಸುವ ನಮ್ಮ ವೀಡ್ ಕಟರ್‌ಗೆ ಬೆರೆಸುವುದೂ ಇದೇ ಅಳತೆ. ಒಂದೇ ಕ್ಯಾನಿನಿಂದ ಎರಡಕ್ಕೂ ಹಾಕುತ್ತೇನೆ.

ಮಲೆನಾಡಿನವರಿಗೆ ಈ ಹೆಲಿಕಾಪ್ಟರ್ ಸರಿಹೋಗುತ್ತದೆ ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ಎಂಜಿನ್ನಿನ ಜಾತಿ ಒಂದೇ. ಡಯಾಫ್ರಾಮ್ (ತೆಳು ಪೊರೆ) ಇರುವ ಕಾರ್ಬುರೇಟರ್, ಪೆಟ್ರೋಲ್ ಹೆಚ್ಚು ಕಡಿಮೆ ಮಾಡಲು ಎಲ್ (ಕಡಿಮೆ ವೇಗಕ್ಕೆ) ಮತ್ತು ಎಚ್ (ಹೆಚ್ಚು ವೇಗಕ್ಕೆ) ಅಂತ ಎರಡು ನೀಡಲ್ ಸ್ಕ್ರೂ, ಕಿಡಿ ಕೊಡುವ ಮ್ಯಾಗ್ನೆಟೋ, ವೇಗ ಏರಿದಾಗ ತಾನೇ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್. ವೀಡ್ ಕಟರ್ ರಿಪೇರಿ ಮಾಡುವವರಿಗೆ ಇದರಲ್ಲಿ ಹೊಸದು ಏನೂ ಇಲ್ಲ.

ಮೊದಲ ವರ್ಷ ನಡೆದ ಒಂದು ಸಂಗತಿ ಹೇಳುತ್ತೇನೆ. ಥ್ರಾಟಲ್ ಇಳಿಸಿದರೂ ಎಂಜಿನ್ ತಟ್ಟನೆ ಇಳಿಯುತ್ತಿರಲಿಲ್ಲ. ಮೇಲೇ ನಿಂತು, ಎರಡು ಮೂರು ಸೆಕೆಂಡ್ ಕಿರುಚಿ, ಆಮೇಲೆ ಸ್ಲೋಗೆ ಬರುತ್ತಿತ್ತು. ನಾನು ಒಂದು ವಾರ ನೀಡಲ್ ತಿರುಗಿಸುತ್ತಾ ಕೂತೆ. ನಮ್ಮಲ್ಲಿ ವೀಡ್ ಕಟರ್ ಹಿಡಿಯುವ ಹುಡುಗ ಕಣದ ಅಂಚಿನಲ್ಲಿ ನಿಂತು ಕೇಳಿಸಿಕೊಂಡ. "ಅಣ್ಣಾ, ಇದು ಎಲ್ಲೋ ಗಾಳಿ ಎಳೀತಿದೆ. ಸ್ಕ್ರೂ ಬಿಡಿ, ಪ್ಯಾಕಿಂಗ್ ನೋಡಿ" ಅಂದ. ಕಾರ್ಬುರೇಟರ್ ಬಿಚ್ಚಿದರೆ ಗ್ಯಾಸ್ಕೆಟ್ಟಿನ ಒಂದು ಮೂಲೆ ಕೂದಲೆಳೆಯಷ್ಟು ಸೀಳಿತ್ತು. ಹೊಸದು ಹಾಕಿದ ಮೇಲೆ ಆ ಕಿರುಚಾಟ ನಿಂತಿತು. ಅವತ್ತಿನಿಂದ ಎಂಜಿನ್ ವಿಷಯದಲ್ಲಿ ಮೊದಲು ಅವನ ಕಿವಿಗೇ ಕೇಳಿಸುತ್ತೇನೆ.

ಸೆಟಪ್ಪಿನಲ್ಲಿ ಅವಸರ ಬೇಡ. ರಿಮೋಟಿನ ಸ್ಟಿಕ್ ನಡುವೆ ಇದ್ದಾಗ ಸ್ವಾಶ್‌ಪ್ಲೇಟ್ (ಬ್ಲೇಡುಗಳನ್ನು ಓರೆ ಮಾಡುವ ತಟ್ಟೆ) ಮಟ್ಟಸವಾಗಿರಬೇಕು, ಬ್ಲೇಡಿನ ಪಿಚ್, ಅಂದರೆ ಓರೆ, ಸೊನ್ನೆ ಇರಬೇಕು. ಪಿಚ್ ಗೇಜ್ ಇಟ್ಟೇ ನೋಡಿ, ಕಣ್ಣಂದಾಜು ಸಾಲದು. ಕ್ಲಚ್ಚಿನ ಗೇರ್ ಮತ್ತು ಮೇನ್ ಗೇರ್ ನಡುವೆ ಒಂದು ಚೂರು ಪೇಪರ್ ಇಟ್ಟು ತಿರುಗಿಸಿ. ಪೇಪರ್ ಹರಿಯದೆ, ಮಡಿಕೆ ಮಡಿಕೆಯಾಗಿ ಹೊರಬಂದರೆ ಸರಿ ಇದೆ. ಲೋಹಕ್ಕೆ ಲೋಹ ಕೂರುವ ಪ್ರತಿ ಬೋಲ್ಟಿಗೂ ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಬೇಕೇ ಬೇಕು. ಇದರ ನಡುಕ ನೈಟ್ರೋಗಿಂತ ತುಂಬಾ ಜಾಸ್ತಿ. ಬಾಲವನ್ನು ಸ್ಥಿರವಾಗಿಡುವ ಜೈರೋವನ್ನು ಮೆತ್ತನೆ ಟೇಪಿನ ಮೇಲೆ ಕೂರಿಸದಿದ್ದರೆ ಬಾಲ ಒಂದು ಕಡೆ ನಿಲ್ಲುವುದಿಲ್ಲ.

ನೀಡಲ್ ವಿಷಯ ಬಂದರೆ, ಎರಡನ್ನೂ ಮೆತ್ತಗೆ ಪೂರ್ತಿ ಮುಚ್ಚಿ, ಒಂದೂಕಾಲರಿಂದ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿದೆ. ನಮ್ಮ ಜಾಗ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಹತ್ತಿರ. ಗಾಳಿ ತೆಳು, ಹಾಗಾಗಿ ಪೆಟ್ರೋಲ್ ಜಾಸ್ತಿ ಅನ್ನಿಸುತ್ತದೆ. ಎಚ್ ನೀಡಲ್ ಸ್ವಲ್ಪ ಮುಚ್ಚಬೇಕಾಯಿತು. ಸ್ವಲ್ಪ ಅಂದರೆ ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟು, ಒಂದು ಸಲಕ್ಕೆ ಅಷ್ಟೇ. ಆಮೇಲೆ ಒಂದು ಟ್ಯಾಂಕ್ ಹಾರಿಸಿ, ಪ್ಲಗ್ ಬಿಚ್ಚಿ ನೋಡುತ್ತೇನೆ. ತುದಿಯ ಪಿಂಗಾಣಿ ಅರ್ಧ ಹುರಿದ ಕಾಫಿ ಬೀಜದ ಬಣ್ಣಕ್ಕಿದ್ದರೆ ಮುಟ್ಟುವುದಿಲ್ಲ. ಬೆಳ್ಳಗಿದ್ದರೆ ತಕ್ಷಣ ನೀಡಲ್ ಸ್ವಲ್ಪ ಬಿಚ್ಚಿ ಪೆಟ್ರೋಲ್ ಜಾಸ್ತಿ ಮಾಡಬೇಕು. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆಯಾದ ಹಾಗೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ.

ನಾನು ಮಾಡಿದ ದೊಡ್ಡ ತಪ್ಪು ಪೈಪಿನದು. ನೈಟ್ರೋದಲ್ಲಿ ಉಳಿದಿದ್ದ ಸಿಲಿಕಾನ್ ಪೈಪನ್ನೇ ಟ್ಯಾಂಕಿನ ಒಳಗೆ ಹಾಕಿದ್ದೆ. ಪೆಟ್ರೋಲಿಗೆ ಸಿಲಿಕಾನ್ ಆಗುವುದಿಲ್ಲ. ಅದು ಊದಿ, ಮೆತ್ತಗಾಗಿ, ಒಂದು ದಿನ ಟ್ಯಾಂಕಿನೊಳಗೇ ಕಳಚಿಕೊಂಡಿತು. ಜನವರಿ ತಿಂಗಳು, ಕೊಯ್ಲಾದ ಗದ್ದೆ, ಇಪ್ಪತ್ತು ಮೀಟರ್ ಎತ್ತರ. ಎಂಜಿನ್ ಶಬ್ದ ಒಮ್ಮೆಲೇ ನಿಂತಿತು. ಬ್ಲೇಡಿನ ಸುಯ್ ಶಬ್ದ ಮಾತ್ರ ಕೇಳುತ್ತಿತ್ತು. ಕಲೆಕ್ಟಿವ್ (ಎಲ್ಲ ಬ್ಲೇಡುಗಳ ಪಿಚ್ ಒಟ್ಟಿಗೆ ಬದಲಿಸುವುದು) ಪೂರ್ತಿ ಇಳಿಸಿ, ಕೆಳಗಿನಿಂದ ಬರುವ ಗಾಳಿಗೆ ಬ್ಲೇಡ್ ತಿರುಗಲು ಬಿಟ್ಟೆ. ನೆಲ ಹತ್ತಿರ ಬಂದಾಗ ಮೂತಿ ಎತ್ತಿ, ಉಳಿದ ವೇಗವನ್ನೆಲ್ಲ ಪಿಚ್‌ಗೆ ಕೊಟ್ಟೆ. ಭತ್ತದ ಕೂಳೆ ಮೇಲೆ ಕೂತಿತು. ಟೈಲ್ ಬೂಮ್ (ಬಾಲದ ಉದ್ದನೆ ಕೊಳವೆ) ಬಗ್ಗಿತು, ಬೇರೆಲ್ಲ ಉಳಿಯಿತು. ಈಗ ಪೆಟ್ರೋಲಿಗೆ ತಡೆಯುವ ಟೈಗಾನ್ ಪೈಪ್ ಬಿಟ್ಟು ಬೇರೆ ಹಾಕುವುದಿಲ್ಲ. ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಚೆನ್ನಾಗಿ ಕಂಡರೂ ಸರಿ.

ಇನ್ನೊಂದು ತಲೆನೋವು ಎಥನಾಲ್. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್. ಒಂದು ದಿನ ನಾನೇ ನೋಡಿದೆ. 100 ಎಂಎಲ್ ಅಳತೆಯ ಉದ್ದನೆ ಜಾರಿಗೆ 10 ಎಂಎಲ್ ನೀರು, ಅದರ ಮೇಲೆ 90 ಎಂಎಲ್ ಪೆಟ್ರೋಲ್ ಹಾಕಿ ಕುಲುಕಿ ಇಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ನೀರಿನ ಗೆರೆ 28ರ ಹತ್ತಿರ ಬಂದಿತ್ತು. ಎಥನಾಲ್ ಪೂರ್ತಿ ನೀರಿನ ಕಡೆ ಇಳಿದಿತ್ತು. ನಮ್ಮ ಮಳೆಗಾಲದಲ್ಲಿ ಹಳೆ ಪೆಟ್ರೋಲ್ ಗಾಳಿಯ ತೇವ ಎಳೆದುಕೊಂಡು ಟ್ಯಾಂಕಿನಲ್ಲೂ ಹೀಗೇ ಬೇರೆಯಾಗಬಹುದು, ಅಲ್ವಾ? ಹಾಗೆ ಬಿಟ್ಟ ಒಂದು ವರ್ಷ ಕಾರ್ಬುರೇಟರಿನ ಡಯಾಫ್ರಾಮ್ ಒಣಗಿದ ಎಲೆಯ ಹಾಗೆ ಗಟ್ಟಿಯಾಗಿತ್ತು. ಈಗ ಬೆರೆಸಿದ ಪೆಟ್ರೋಲನ್ನು ಮೂರು ವಾರಕ್ಕಿಂತ ಜಾಸ್ತಿ ಇಡುವುದಿಲ್ಲ. ಉಳಿದರೆ ವೀಡ್ ಕಟರ್‌ಗೆ ಹೋಗುತ್ತದೆ.

ರೇಡಿಯೋ ಬಗ್ಗೆ ಹೆಚ್ಚು ಹೇಳುವುದಿಲ್ಲ. 2.4 ಗಿಗಾಹರ್ಟ್ಸ್ ಸೆಟ್, ಕಿಡಿಯ ಗದ್ದಲ ರೇಡಿಯೋಗೆ ತಾಗದ ಹಾಗೆ ರೆಸಿಸ್ಟರ್ ಇರುವ ಪ್ಲಗ್, ಪ್ಲಗ್ ವೈರಿನಿಂದ ದೂರ ಇಟ್ಟ ರಿಸೀವರ್. ಇಷ್ಟಿದ್ದರೆ ತೊಂದರೆ ಬಂದಿಲ್ಲ. ಫೇಲ್‌ಸೇಫ್‌ನಲ್ಲಿ, ಅಂದರೆ ಸಿಗ್ನಲ್ ತಪ್ಪಿದಾಗ, ಥ್ರಾಟಲ್ ಸ್ಲೋಗೆ ಬರುವ ಹಾಗೆ ಇಟ್ಟಿರಲೇಬೇಕು.

ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಿ. ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಬ್ಲೇಡಿನ ತುದಿ ಗಂಟೆಗೆ 400 ಕಿ.ಮೀ.ಗಿಂತ ಜೋರಾಗಿ ಹೋಗುತ್ತಿರುತ್ತದೆ. ಸ್ಟಾರ್ಟ್ ಮಾಡುವಾಗ ಥ್ರಾಟಲ್ ಹೋಲ್ಡ್ (ಥ್ರಾಟಲ್ ಏರದಂತೆ ತಡೆಯುವ ರಿಮೋಟಿನ ಸ್ವಿಚ್) ಹಾಕಿ, ಬ್ಲೇಡ್ ಕೂರುವ ರೋಟರ್ ಹೆಡ್ಡನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ಹಗ್ಗ ಎಳೆಯುತ್ತೇನೆ. ಕೊಯ್ಲಿನ ಸಮಯದಲ್ಲಿ ಕಣದಲ್ಲಿ ಕಾಫಿ ಹರಡಿರುತ್ತದೆ, ಜನ ಓಡಾಡುತ್ತಿರುತ್ತಾರೆ. ಆಗ ಅಲ್ಲಿ ಸ್ಟಾರ್ಟೂ ಮಾಡುವುದಿಲ್ಲ, ಗದ್ದೆಗೇ ಹೊತ್ತುಕೊಂಡು ಹೋಗುತ್ತೇನೆ. ಡ್ರೋನ್ ನಿಯಮಗಳು 2021 ಇಂಥ ಮಾಡೆಲ್‌ಗೂ ಸೇರುತ್ತವೆ. ಹಾರಿಸುವ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ನೋಡಿಕೊಳ್ಳಿ. ಹಾಸನದ ಗೆಳೆಯರಂತೂ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಇರುವ ಕಡೆ ಸುಳಿಯಲೇ ಬೇಡಿ.

ತ್ರೀಡಿ ಆಟ (ತಲೆಕೆಳಗಾಗಿ ಹಾರಿಸುವಂಥ ಕಸರತ್ತು) ಆಡಬೇಕು, ತಟ್ಟನೆ ತಿರುವಬೇಕು ಅನ್ನುವವರಿಗೆ ಇದು ಭಾರ. ಅವರು ಬ್ಯಾಟರಿಯದ್ದೇ ತೆಗೆದುಕೊಳ್ಳಲಿ. ಸಂಜೆ ನಾಲ್ಕೂವರೆಗೆ ಗದ್ದೆಗೆ ಇಳಿದು, ಸಿಲ್ವರ್ ಮರಗಳ ಸಾಲಿನ ಮುಂದೆ ದೊಡ್ಡ ದೊಡ್ಡ ಸುತ್ತು ಹಾಕಿಸುವ ಮನಸ್ಸಿದ್ದವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ, ತೆಗೆದುಕೊಳ್ಳಿ. ನಾಲ್ಕು ವರ್ಷದಲ್ಲಿ ಎಂಜಿನ್ ಒಂದು ಸಲವೂ ಬಿಚ್ಚಿಲ್ಲ. ಒಂದು ಕ್ಲಚ್ ಲೈನಿಂಗ್, ಎರಡು ಪ್ಲಗ್, ಒಂದು ಟೈಲ್ ಬೂಮ್, ಒಂದು ಗ್ಯಾಸ್ಕೆಟ್, ವರ್ಷಕ್ಕೊಮ್ಮೆ ಪೈಪ್, ಡಯಾಫ್ರಾಮ್ ಸೆಟ್ಟುಗಳು, ಅಷ್ಟೇ ಖರ್ಚು.

ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದಿದ್ದು ತೀರಿ ತಾನೇ ನಿಲ್ಲುವವರೆಗೆ ಓಡಿಸಿದೆವು. ಪ್ಲಗ್ ಬಿಚ್ಚಿ, ಒಳಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಹುಡುಗ ನಿಧಾನಕ್ಕೆ ಹಗ್ಗ ಎಳೆದ. ಈಗ ಅದು ಅಟ್ಟದ ಮೇಲೆ, ಬೆಚ್ಚಗಿನ ಕಡೆ ಇದೆ. ದಸರಾ ಕಳೆದು ಬಿಸಿಲು ಬಿದ್ದ ಮೊದಲ ಭಾನುವಾರ ಇಳಿಸುತ್ತೇವೆ.