ಅವಧಿಗೆ ಮುಂಚೆ ಹುಟ್ಟಿದ ಮಗು ಇದ್ದರೆ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಒಮ್ಮೆ ಹೋಗಿ ಬನ್ನಿ

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆದರೂ ನಮ್ಮ ಮಂಡ್ಯ ಕಡೆ ಅದು ಬರೀ ಕಿವಿ ಕೇಳದವರ ಆಸ್ಪತ್ರೆ ಅಂದುಕೊಂಡವರೇ ಜಾಸ್ತಿ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಅಲ್ಲಿ ಎಷ್ಟು ಸಹಾಯ ಸಿಗುತ್ತದೆ ಅಂತ ಹೇಳಲೇಬೇಕು.

ನನ್ನ ಮಗಳು 30 ವಾರಕ್ಕೇ ಹುಟ್ಟಿದವಳು. ನಾವಿದ್ದ ಆಸ್ಪತ್ರೆಯಲ್ಲಿ ‘ತೂಕ ಬಂತು, ಹಾಲು ಕುಡಿಯುತ್ತಾಳೆ, ಕರ್ಕೊಂಡು ಹೋಗಿ’ ಅಂದರೇ ಹೊರತು, ಮುಂದೆ ಏನೇನು ತೋರಿಸಬೇಕು ಅಂತ ಒಂದು ಮಾತೂ ಹೇಳಲಿಲ್ಲ. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಯಾಕಂದರೆ ಬಸುರಿನ ಕೊನೆಯ ಮೂರು ತಿಂಗಳಲ್ಲೇ ಮಗುವಿನ ಮಿದುಳು ತುಂಬಾ ಬೇಗ ಬೆಳೆಯುತ್ತದೆ. ಮಿದುಳಿನ ಮಡಿಕೆಗಳು ಮೂಡುವುದು, ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳು ಬಲಿಯುವುದು ಜಾಸ್ತಿ ಆ ಸಮಯದಲ್ಲೇ. 32 ವಾರಕ್ಕಿಂತ ಮೊದಲು ಹುಟ್ಟಿದವರಲ್ಲಿ ಈ ತಂತುಗಳಿಗೆ ಪೆಟ್ಟಾಗುವ ಅಪಾಯ ಹೆಚ್ಚು. ಏಳು ತಿಂಗಳ ಕೂಸು ಉಳಿಯುತ್ತೆ, ಎಂಟರದ್ದು ಉಳಿಯಲ್ಲ ಅಂತ ಅಜ್ಜಿಯರು ಹೇಳುತ್ತಾರಲ್ವಾ, ಅದನ್ನು ದಯವಿಟ್ಟು ನಂಬಬೇಡಿ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಿದುಳಿಗೆ ಒಳ್ಳೆಯದೇ.

ಈ ಸಂಸ್ಥೆಯಲ್ಲಿ ನಾವು ಮೊದಲು ಮಾಡಿಸಿದ್ದು ಬೆರಾ ಟೆಸ್ಟ್. ಮಗು ಮಲಗಿರುವಾಗ ತಲೆಗೆ ಸಣ್ಣ ತಂತಿ ಅಂಟಿಸಿ, ಕಿವಿಯಲ್ಲಿ ಟಕ್ ಟಕ್ ಸದ್ದು ಕೇಳಿಸಿ, ಅದು ಮಿದುಳಿನ ಬುಡದವರೆಗೆ ಹೋಗಿ ಮುಟ್ಟುತ್ತಾ ಅಂತ ನೋಡುತ್ತಾರೆ, ನೋವೇ ಇಲ್ಲ. ಎನ್‌ಐಸಿಯುನಲ್ಲಿದ್ದ (ಹಸುಗೂಸುಗಳ ತೀವ್ರ ನಿಗಾ ಘಟಕ) ಮಕ್ಕಳಿಗೆ ಇದು ಬೇಕೇ ಬೇಕು. ಕಿವಿ ಸರಿಯಿದ್ದು ನರದ ದಾರಿಯಲ್ಲಿ ತೊಂದರೆ ಇದ್ದರೆ ಬೇರೆ ಸುಲಭದ ಟೆಸ್ಟಿನಲ್ಲಿ ಗೊತ್ತಾಗುವುದಿಲ್ಲ. ಹೊರಡುವಾಗ ಹಾಲು ಕುಡಿಸಿ ಮಲಗಿಸಿಬಿಡಬೇಡಿ, ಟೆಸ್ಟಿಗೆ ಸ್ವಲ್ಪ ಮುಂಚೆ ಅಲ್ಲೇ ಕುಡಿಸಿ.

ನನಗೆ ತುಂಬಾ ಇಷ್ಟವಾದದ್ದು ಮಾತು ಕಲಿಸುವ ಥೆರಪಿ. ಮಗುವನ್ನು ಒಳಗೆ ಕರೆದುಕೊಂಡು ಹೋಗಿ ನಮ್ಮನ್ನು ಹೊರಗೆ ಕೂರಿಸಲಿಲ್ಲ, ತಾಯಿಗೇ ಕಲಿಸಿದರು. ಸ್ನಾನ ಮಾಡಿಸುವಾಗ, ಅನ್ನ ಕಲಸುವಾಗ ಹೇಗೆ ಮಾತಾಡಬೇಕು, ಒಂದು ಮಾತು ಹೇಳಿ ಅವಳ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಎಲ್ಲಾ ನಮ್ಮ ಮನೆಯ ಕನ್ನಡದಲ್ಲೇ. ವಯಸ್ಸನ್ನೂ ಹೆರಿಗೆಗೆ ಕೊಟ್ಟ ದಿನಾಂಕದಿಂದ ಲೆಕ್ಕ ಹಾಕಿದರು. ಎರಡು ವರ್ಷ ತುಂಬುವವರೆಗೆ ಹಾಗೇ ನೋಡಬೇಕಂತೆ. ಅಂದರೆ ನನ್ನ ಮಗಳ ವಯಸ್ಸಿನಿಂದ ಸುಮಾರು ಹತ್ತು ವಾರ ಕಳೆಯಬೇಕು. ಪಕ್ಕದ ಮನೆ ಮಗು ಆಗಲೇ ಮಾತಾಡ್ತಿದೆ ಅಂತ ಸುಮ್ನೆ ಕೊರಗುವುದು ಆಗ ನಿಂತಿತು.

ಎಲ್ಲವೂ ಒಂದೇ ಕಡೆ ಆಗುವುದಿಲ್ಲ. ಕಣ್ಣಿನ ರೆಟಿನಾ ಪರೀಕ್ಷೆಯನ್ನು ಹುಟ್ಟಿದ ನಾಲ್ಕು ವಾರದೊಳಗೇ ಕಣ್ಣಿನ ಡಾಕ್ಟರ ಹತ್ತಿರ ಮಾಡಿಸಿಕೊಳ್ಳಿ, ಅದು ಕಾಯುವ ವಿಷಯವಲ್ಲ. ಕೈಕಾಲು ಬಿಗಿ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನೊಂದು ವಿಷಯ. ನಡೆದಳು, ಮಾತಾಡಿದಳು, ಇನ್ನು ಮುಗಿಯಿತು ಅಂತ ನಿಲ್ಲಿಸಬೇಡಿ. ಅವಧಿಗೆ ಮುಂಚೆ ಹುಟ್ಟಿದ ಎಷ್ಟೋ ಮಕ್ಕಳು ಚೆನ್ನಾಗಿಯೇ ಓದುತ್ತಾರೆ. ಆದರೆ ಕೆಲವರಿಗೆ ಗಮನ ಕೊಟ್ಟು ಕೂರುವುದು, ಲೆಕ್ಕ, ಹೇಳಿದ್ದನ್ನು ನೆನಪಿಟ್ಟು ಮಾಡುವುದು ಕಷ್ಟವಾಗುತ್ತದೆ. ಅದು ಕಾಣಿಸುವುದು ಶಾಲೆಗೆ ಸೇರಿದ ಮೇಲೆ. ಟೀಚರ್ ಸೋಮಾರಿ ಅಂದುಬಿಡುತ್ತಾರೆ, ಮನೆಯಲ್ಲಿ ಏಟು ಬೀಳುತ್ತದೆ, ಪಾಪ. ಈ ಸಂಸ್ಥೆಯಲ್ಲಿ ಮನಶ್ಶಾಸ್ತ್ರ ವಿಭಾಗವೂ ಇದೆ, ಕಲಿಕೆಯ ತೊಂದರೆಯನ್ನೂ ನೋಡುತ್ತಾರೆ. ಕೇಂದ್ರ ಸರ್ಕಾರದ ಸಂಸ್ಥೆ, ಹಾಗಾಗಿ ಖರ್ಚೂ ಕಡಿಮೆ. ನಾವು ಒಂದನೇ ಕ್ಲಾಸಿಗೆ ಸೇರಿಸುವ ಮುಂಚೆ ಮತ್ತೆ ಹೋಗುತ್ತೇವೆ. ನೀವು ಹೋಗುವಾಗ ಡಿಸ್ಚಾರ್ಜ್ ಕಾರ್ಡ್ ಮರೆಯಬೇಡಿ. ಎಷ್ಟು ವಾರಕ್ಕೆ ಹುಟ್ಟಿದ್ದು, ಕಾಮಾಲೆ ಇತ್ತಾ, ಯಾವ ಆಂಟಿಬಯೋಟಿಕ್ ಕೊಟ್ಟಿದ್ದರು ಅನ್ನುವುದೆಲ್ಲಾ ಅದರಲ್ಲೇ ಇರುತ್ತದೆ.